ನೀಲದುಂಗುರದ ನಲವತ್ತೊಂಬತ್ತು ದಿನ

ಫೆಬ್ರುವರಿ 17, 2025, ಸೋಮವಾರ

ಇವತ್ತಿಗೆ ಮೂರು ದಿನವಾಯಿತು, ಅತ್ತೆ ನನ್ನ ಕೈಯಡುಗೆ ಮುಟ್ಟಿಲ್ಲ. ಪಕ್ಕದ ಮನೆಯಿಂದ ಮುದ್ದೆ ತರಿಸಿಕೊಂಡು, ನನಗೆ ಕಾಣುವ ಹಾಗೆ ಹಜಾರದ ಮಧ್ಯೆ ಕೂತು ಉಣ್ಣುತ್ತಾರೆ. ನನ್ನ ಬೆರಳಲ್ಲಿ ನೀಲ ಇರುವವರೆಗೆ ಹೀಗೇ ಅಂತೆ.

ಯಾರ ಹತ್ತಿರ ಹೇಳಿಕೊಳ್ಳಲಿ? ನಾನು ಕೆಲಸ ಮಾಡುವ ಮಣ್ಣು ಪರೀಕ್ಷೆಯ ಲ್ಯಾಬಿನಿಂದ ಒಂದು ಹಳೆಯ ರಿಜಿಸ್ಟರ್ ತಂದಿದ್ದೇನೆ. ಇದರಲ್ಲೇ ಬೈದುಕೊಳ್ಳುತ್ತೇನೆ.

ನಡೆದದ್ದು ಇಷ್ಟು. ಜನವರಿ ಮೂವತ್ತರಂದು ನಾನು ಚಿತ್ರದುರ್ಗದಲ್ಲಿ ಒಂದು ಹಳೆಯ ನೀಲದುಂಗುರ ಕೊಂಡೆ. ಒಂಬತ್ತನೆಯ ದಿನ, ಫೆಬ್ರುವರಿ ಎಂಟು, ಶನಿವಾರ, ನನ್ನ ಗಂಡ ಐಮಂಗಲದ ಹತ್ತಿರ ಹೈವೇಯಲ್ಲಿ ಸ್ಕೂಟರಿನಿಂದ ಬಿದ್ದರು. ತೊಡೆಯ ಮೂಳೆ ಮುರಿಯಿತು. ಒಳಗೆ ರಾಡು ಹಾಕಿ ಮನೆಗೆ ಕಳಿಸಿದ್ದಾರೆ. ಈ ಎರಡಕ್ಕೂ ಒಂದು ದಾರ ಕಟ್ಟಿ, ದಾರದ ತುದಿಯನ್ನು ನನ್ನ ಕೊರಳಿಗೆ ಹಾಕಿದ್ದಾರೆ ನಮ್ಮತ್ತೆ ಹುಲಿಗೆಮ್ಮ.

"ನೀಲ ಅಂದ್ರೆ ಶನಿಮಹಾತ್ಮನ ಕಲ್ಲು ಕಣಮ್ಮ ಮಂಗಳಾ. ಆಗಿಬಂದ್ರೆ ರಾಜನ್ನ ಮಾಡ್ತೈತೆ, ಆಗಿಬರ್ಲಿಲ್ಲ ಅಂದ್ರೆ ಮನೆ ಗುಡಿಸಿ ಹಾಕ್ತೈತೆ. ಮೂರು ರಾತ್ರಿ ದಿಂಬಿನ ಕೆಳಗಿಟ್ಕಂಡು ಪರೀಕ್ಷೆ ಮಾಡ್ದಲೆ ಯಾರಾದ್ರೂ ಹಾಕ್ಕಂತಾರಾ?"

"ನಾನು ಗ್ರಹಕ್ಕೆ ಅಂತ ತಗಂಡಿಲ್ಲ ಅತ್ತೆ. ಚೆನ್ನಾಗೈತೆ ಅಂತ ತಗಂಡೆ."

"ಚೆನ್ನಾಗೈತೆ ಅಂತ ಹಾವು ಸಾಕ್ತಾರಾ?"

ನನ್ನ ಗಂಡ ಮಂಚದ ಮೇಲೆ ಮಲಗಿ ಸೂರು ನೋಡುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಹೆಡ್‌ಮಾಸ್ಟರು ರಘುನಾಥ್. "ಅಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅನ್ನಲು ಅವರ ಬಾಯಿಗೇನೂ ಪೆಟ್ಟಾಗಿರಲಿಲ್ಲ.

ಫೆಬ್ರುವರಿ 18, ಮಂಗಳವಾರ

ಇವರೆಲ್ಲ ಸೇರಿ ಉಂಗುರ ಕೊಂಡ ಆ ದಿನವನ್ನು ಪೂರ್ತಿ ಹಾಳುಮಾಡುವ ಮೊದಲು ಬರೆದಿಡಬೇಕು.

ನಮ್ಮ ಬಬ್ಬೂರು ಕೃಷಿ ಫಾರಂನ ಮಣ್ಣು ಪರೀಕ್ಷೆಯ ವರದಿಗಳನ್ನು ಕೊಡಲು ದುರ್ಗಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಕೋಟೆಗೆ ಹೋಗುವ ರಸ್ತೆಯ ಪಕ್ಕದ ಓಣಿಯಲ್ಲಿ ಒಂದು ಸಣ್ಣ ಅಂಗಡಿ. ಹಳೆಯ ಒಡವೆ ಕೊಂಡು ಮಾರುವ ಮೂಡಲಗಿರಿಯಪ್ಪ ಎಂಬ ಮುದುಕರು ಬಾಗಿಲಲ್ಲೇ ಕೂತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಮೂಗುಬೊಟ್ಟು, ಬುಗುಡಿ, ಅವುಗಳ ಮಧ್ಯೆ ಈ ಉಂಗುರ. ನಾನು ಬರೀ ಬಗ್ಗಿ ನೋಡಿದೆ.

"ಅಲ್ಲಿಂದ ನೋಡಿದ್ರೆ ಅದು ಕಾಣಲ್ಲಮ್ಮ. ಟ್ಯೂಬ್‌ಲೈಟಿಗೆ ನೀಲ ಸತ್ತೋಗ್ತೈತೆ. ಬರ್ರಿ, ಬಾಗಿಲತ್ರ ಕುಂತ್ಕಳ್ರಿ" ಎಂದರು.

ಬಾಗಿಲ ಬೆಳಕಿಗೆ ಹಿಡಿದಾಗ ಕಪ್ಪಾಗಿ ಕೂತಿದ್ದ ಕಲ್ಲು ಎದ್ದು ಕೂತಿತು. ಶಂಖಪುಷ್ಪದ ನೀಲಿ. ಒಂದು ಅಂಚಿನಲ್ಲಿ ಗಾಢ, ಇನ್ನೊಂದು ಕಡೆ ನೀರು ಬೆರೆಸಿದ ಹಾಗೆ ತಿಳಿ. ಅವರು ಕಣ್ಣಿಗೆ ಒತ್ತಿಕೊಳ್ಳುವ ಸಣ್ಣ ಭೂತಗನ್ನಡಿ ಕೊಟ್ಟರು. ಕಲ್ಲಿನ ಒಳಗೆ ಕೂದಲಿಗಿಂತ ಸಣ್ಣ ಬಿಳಿ ಎಳೆಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿದ್ದವು, ಯಾರೋ ಮಗ್ಗ ಹೂಡಿ ಅರ್ಧಕ್ಕೇ ಬಿಟ್ಟು ಹೋದ ಹಾಗೆ.

"ಇದು ದೋಷನಾ?" ಎಂದೆ.

"ಅದಕ್ಕೆ ರೇಷ್ಮೆ ಅಂತೀವಿ. ಈಗಿನ ಕಲ್ಲುಗಳ್ನ ಕುಲುಮೆಗೆ ಹಾಕಿ ಕಾಸಿ ಬಣ್ಣ ತರ್ತಾರೆ. ಕಾಸಿದ್ರೆ ಈ ರೇಷ್ಮೆ ಕರಗೋಗ್ತೈತೆ. ಇದು ಬೆಂಕಿ ಕಾಣದ ಕಲ್ಲು. ಸಿಲೋನಿಂದು. ಕಟ್ಟಿ ನೂರು ವರ್ಷದ ಮೇಲಾಗೈತೆ."

ಅವರು ಏನನ್ನೂ ಮುಚ್ಚಿಡಲಿಲ್ಲ. ಕಲ್ಲಿನ ಅಂಚುಗಳು ಎಲ್ಲಿ ಸವೆದಿವೆ, ಅಂಗೈ ಕಡೆಯ ಚಿನ್ನ ಎಷ್ಟು ತೆಳ್ಳಗಾಗಿದೆ, ಒಂದು ಕಡೆ ಕತ್ತರಿಸಿ ಬೆಸೆದ ಗೆರೆ, ಎಲ್ಲ ತೋರಿಸಿದರು. ಅವರು ತೋರಿಸಿದಷ್ಟೂ ನನಗೆ ಬೇಕೆನಿಸಿತು. ಯಾರೋ ಒಬ್ಬಳು ಪಾತ್ರೆ ತೊಳೆದಿದ್ದಾಳೆ, ರೊಟ್ಟಿ ತಟ್ಟಿದ್ದಾಳೆ, ಅದಕ್ಕೇ ಅದು ಸವೆದಿದೆ.

ನಾನು ದುಡಿಯಲು ಶುರುಮಾಡಿ ಇಪ್ಪತ್ತನಾಲ್ಕು ವರ್ಷ. ನನಗೊಬ್ಬಳಿಗೇ ಅಂತ ಕೊಂಡದ್ದು ಇದೇ ಮೊದಲು. ಬಸ್ಸಿನಲ್ಲಿ ಹಿರಿಯೂರು ಬರುವವರೆಗೂ ಕೈ ಕಿಟಕಿಯಲ್ಲಿಟ್ಟುಕೊಂಡೇ ಇದ್ದೆ.

ಫೆಬ್ರುವರಿ 22, ಶನಿವಾರ

ಅತ್ತೆ ಊಟಕ್ಕೆ ಬಂದರು. ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆ.

ಇವತ್ತು ಉಂಗುರ ಹಾಕಿಕೊಳ್ಳಲಿಲ್ಲ. ಸೆಕೆಗೆ ಬೆರಳು ಊದಿತ್ತು.

ಫೆಬ್ರುವರಿ 27, ಗುರುವಾರ

ಹೊಳಲ್ಕೆರೆಯಿಂದ ಜೋಯಿಸರನ್ನು ಕರೆಸಿದ್ದಾರೆ. ನನ್ನನ್ನು ಒಂದು ಮಾತು ಕೇಳದೆ. ಲ್ಯಾಬ್ ಮುಗಿಸಿ ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನನ್ನ ಜಾತಕವೂ ಅವರ ತೊಡೆಯ ಮೇಲಿತ್ತು. ಬೀರುವಿನಿಂದ ತೆಗೆದುಕೊಟ್ಟವರು ಯಾರು? ಎದ್ದು ಓಡಾಡಲಾಗದವರಂತೂ ಅಲ್ಲ.

"ಉಂಗುರ ತೋರ್ಸಿ ತಾಯಿ" ಎಂದರು. ಬೆರಳಿನಿಂದ ತೆಗೆದು ಚಾಚಿದೆ. ಕೈ ಹಿಂದಕ್ಕೆ ಎಳೆದುಕೊಂಡರು.

"ಮುಟ್ಟಬಾರದು, ಅಲ್ಲೇ ಹಿಡೀರಿ."

"ಮುಟ್ಟದೆ ಹೆಂಗೆ ಪರೀಕ್ಷೆ ಮಾಡ್ತೀರಿ? ನಾನು ಮಣ್ಣನ್ನೂ ಮುಟ್ಟಿ ಪರೀಕ್ಷೆ ಮಾಡ್ತೀನಿ."

"ಲೆಕ್ಕಾಚಾರದಾಗೆ ಎಲ್ಲ ಗೊತ್ತಾಗ್ತೈತೆ. ಇದು ಹಳೇದು. ಹಿಂದೆ ಹಾಕ್ಕಂಡೋರ ಕರ್ಮ ಎಲ್ಲ ಇದರಾಗೆ ಐತೆ. ಯಾವ ಮನೆಗೆ ಬೆಂಕಿ ಇಟ್ಟು ಬಂದೈತೋ."

ಬೆಂಕಿ ಕಾಣದ ಕಲ್ಲು ಎಂದು ಆ ಮುದುಕರು ಹೇಳಿದ್ದರು. ಅದನ್ನೇ ಹೇಳಿದೆ. ಜೋಯಿಸರಿಗೆ ಅರ್ಥವಾಗಲಿಲ್ಲ, ಅತ್ತೆಗೆ ಅವಮಾನವಾಯಿತು. "ದೊಡ್ಡೋರಿಗೆ ಎದುರಾಡ್ತಾಳೆ ನೋಡ್ರಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಗಂಡನ ಕಡೆ ತಿರುಗಿದೆ.

"ನೀವೊಂದು ಮಾತು ಹೇಳ್ರಿ."

"ಈಗ ಯಾಕೆ ಜಗಳ" ಎಂದು ಗೋಡೆ ಕಡೆ ಮಗ್ಗಲಾದರು.

ಇಪ್ಪತ್ತಾರು ವರ್ಷದಿಂದ ಆ ಬೆನ್ನು ನೋಡುತ್ತಿದ್ದೇನೆ. ಜಗಳವಾದಾಗಲೆಲ್ಲ ಅದೇ ಬೆನ್ನು. ಅತ್ತೆಯ ಮೇಲಿನ ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತದೆ. ಈ ಬೆನ್ನಿನ ಮೇಲಿನ ಸಿಟ್ಟು ಇಳಿಯುವುದಿಲ್ಲ.

ಮಾರ್ಚ್ 1, ಶನಿವಾರ

ಇವತ್ತೂ ಬೆರಳು ಊದಿತ್ತು.

ಮಾರ್ಚ್ 4, ಮಂಗಳವಾರ

ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಉಂಗುರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ, ಆ ಎಳೆಗಳೆಲ್ಲ ಒಂದೇ ಕೋನದಲ್ಲಿ ಹಾಯುತ್ತವೆ, ಒಂದೂ ತಪ್ಪುವುದಿಲ್ಲ. ನೀಲಿ ಬಣ್ಣ ಪಟ್ಟೆ ಪಟ್ಟೆಯಾಗಿ, ಜೇನುಗೂಡಿನ ಮೂಲೆಯ ಹಾಗೆ ಮಡಿಚಿಕೊಂಡು ಕೂತಿದೆ. ಭೂಮಿಯೊಳಗೆ ಕಲ್ಲು ಬೆಳೆಯುವಾಗ ಒಂದು ಕಾಲಕ್ಕೆ ಗಾಢ, ಒಂದು ಕಾಲಕ್ಕೆ ತಿಳಿ. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ಫಾರಂನ ಆಳು ಓಬಣ್ಣ ಮಣ್ಣಿನ ಚೀಲ ತಂದವನು ಹಿಂದೆ ನಿಂತಿದ್ದ. "ಏನಕ್ಕ ಅಷ್ಟೊತ್ತಿಂದ ನೋಡ್ತಿದೀರಿ?" ಎಂದ. ಸರಿದು ಜಾಗ ಕೊಟ್ಟೆ. ಒಂದು ಕಣ್ಣು ಮುಚ್ಚಿ ನೋಡಿದ.

"ಮಳೆ ಹೊಯ್ದಂಗೆ ಐತಲ್ಲಕ್ಕ. ದೂರದಾಗೆ, ಗುಡ್ಡದ ಮ್ಯಾಲೆ."

ಇಡೀ ಮನೆಯಲ್ಲಿ ಯಾರೂ ಕೇಳದ ಮಾತನ್ನು ಅವನು ಕೇಳಿದ. ಅಷ್ಟಕ್ಕೇ ಕಣ್ಣು ತುಂಬಿ ಬಂತು. ಎಂಥ ಸ್ಥಿತಿಗೆ ತಂದಿದ್ದಾರೆ ನನ್ನನ್ನು.

ಸಂಜೆ ದುರ್ಗದಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಕೂಡುವ ಲಕ್ಷಣ ಕಾಣುತ್ತಿಲ್ಲ, ಇನ್ನೊಂದು ಆಪರೇಷನ್ ಬೇಕಾದರೂ ಬೇಕಾದೀತು ಎಂದರು. ಶುಗರ್ ಇರುವವರಿಗೆ ತಡವಾಗುತ್ತದಂತೆ. ದಾವಣಗೆರೆಯಿಂದ ಮಗಳು ಮೋನಿಕಾ ಫೋನ್ ಮಾಡಿದಳು. "ಅಮ್ಮ, ನಾನೇನ್ ನಂಬಲ್ಲ. ಆದ್ರೂ ತೆಗೆದಿಟ್ಬಿಡು. ರಿಸ್ಕ್ ಯಾಕೆ?"

ನಂಬುವುದಿಲ್ಲವಂತೆ, ಆದರೂ ಅಂತೆ. ಫೋನ್ ಕಟ್ ಮಾಡಿದೆ.

ಮಾರ್ಚ್ 5, ಬುಧವಾರ

ಉಂಗುರವನ್ನು ಲ್ಯಾಬಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೇನೆ. ಮನೆಗೆ ಕಂಡಕಂಡವರು ಬಂದು ಹೋಗುತ್ತಾರೆ, ಕಳುವಾದರೆ ಏನು ಗತಿ.

ಮಾರ್ಚ್ 10, ಸೋಮವಾರ

ದುರ್ಗಕ್ಕೆ ಹೋಗಿ ಮೂಡಲಗಿರಿಯಪ್ಪನವರ ಮೇಲೆ ಕೂಗಾಡಿ ಬಂದೆ. ನಾಚಿಕೆಯಾಗುತ್ತಿದೆ, ಸಿಟ್ಟೂ ಇಳಿದಿಲ್ಲ.

"ಇದನ್ನ ಯಾರ ಹತ್ರ ಕೊಂಡ್ರಿ? ಅವರ ಮನೇಲಿ ಏನಾಗಿತ್ತು? ಯಾಕೆ ಮಾರಿದ್ರು? ಸವೆದಿದ್ದು ತೋರ್ಸಿದ್ರಿ, ಬೆಸೆದಿದ್ದು ತೋರ್ಸಿದ್ರಿ, ಇದನ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಚೆನ್ನಾಗೈತೆ ಅಂದ್ರಿ. ನೀಲ ಕೇಳ್ಕಂಡು ಬರೋರು ನೂರು ಜನ ಬರ್ತಾರೆ ತಾಯಿ. ರಾಶಿ ಹೇಳ್ತಾರೆ, ತೂಕ ಕೇಳ್ತಾರೆ. ಚೆನ್ನಾಗೈತೆ ಅಂತ ಅಂದೋರು ನೀವೇ. ಅದಕ್ಕೇ ನಿಮಗೆ ಕೊಟ್ಟೆ."

ಆಮೇಲೆ ಒಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟರು. ದಾಕ್ಷಾಯಣಮ್ಮ, ಹೊಸದುರ್ಗ. "ಹೋಗಿ ಅವ್ರನ್ನೇ ಕೇಳ್ರಿ. ಮುಚ್ಚಿಡೋ ಜೀವ ಅಲ್ಲ ಅದು."

ನಾನು ಹೋಗುವುದು ಉಂಗುರದ ಹಳೆಯ ಕಥೆ ತಿಳಿಯಲಿಕ್ಕೆ ಮಾತ್ರ. ಹಳೆಯ ವಸ್ತು ಕೊಂಡವರು ಅದರ ಪೂರ್ವಾಪರ ತಿಳಿದಿರಬೇಕು.

ಮಾರ್ಚ್ 16, ಭಾನುವಾರ

ಹೊಸದುರ್ಗಕ್ಕೆ ಹೋಗಿದ್ದೆ. ಗಂಡನಿಗೆ ತಂಗಿಯ ಮನೆ ಎಂದು ಸುಳ್ಳು ಹೇಳಿದೆ. ಸುಳ್ಳು ಹೇಳುವ ಹಾಗೆ ಮಾಡಿದ್ದಾರಲ್ಲ ಎಂದು ದಾರಿಯುದ್ದಕ್ಕೂ ಅವರನ್ನೇ ಬೈದುಕೊಂಡೆ.

ದಾಕ್ಷಾಯಣಮ್ಮನಿಗೆ ಎಂಬತ್ತರ ಮೇಲಾಗಿರಬೇಕು. ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬೆರಳಿನ ಗಿಣ್ಣೆಲ್ಲ ಗಂಟುಗಂಟು. ಯಾಕೆ ಬಂದೆ ಎಂದು ಹೇಳಿದಾಗ ಮುಖ ಅರಳಿತು.

"ತಂದೀಯಾ? ಎಲ್ಲಿ, ನಿನ್ ಬೆರಳು ಖಾಲಿ ಐತಲ್ಲ."

ಪರ್ಸಿನೊಳಗೆ ಕರವಸ್ತ್ರದಲ್ಲಿ ಸುತ್ತಿಟ್ಟದ್ದನ್ನು ಬಿಚ್ಚಿ ಕೊಟ್ಟೆ. "ಬಸ್ಸಿನಾಗೆ ಕಳ್ಳರ ಕಾಟ ಅಂತ..." ಎಂದೆ.

"ಕಳ್ಳರ ಕಾಟನೋ, ಶನಿ ಕಾಟನೋ?"

ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಬಂದ ಕೆಲಸ ಬಿಡಬಾರದೆಂದು ಕೇಳಿಬಿಟ್ಟೆ. "ಇದು ನಿಮಗೆ ಆಗಿಬಂತಾ?" ಬೇರೇನೋ ಕೇಳಬೇಕೆಂದಿದ್ದೆ, ಬಾಯಲ್ಲಿ ಇದು ಬಂತು.

ಅವರು ಅವರೆಕಾಯಿ ಪಕ್ಕಕ್ಕಿಟ್ಟರು. "ನೋಡು. ನಮ್ ಮಾವನೋರು ಕಂಬಳಿ ವ್ಯಾಪಾರಕ್ಕೆ ಮದ್ರಾಸಿಗೆ ಹೋಗೋರು. ಅಲ್ಲಿ ಸಿಲೋನಿನೋನೊಬ್ಬ ಕಂಬಳಿ ತಗಂಡು ಇದನ್ನ ಕೊಟ್ಟನಂತೆ. ನಮ್ಮತ್ತೆ ಹಾಕ್ಕಂಡ್ರು, ಆಮೇಲೆ ನಾನು. ನಲವತ್ತೈದು ವರ್ಷ ಬೆರಳಿಂದ ತೆಗೀಲಿಲ್ಲ. ಇದನ್ನ ಹಾಕ್ಕಂಡಿದ್ದಾಗ್ಲೇ ನಮ್ಮನೆಯೋರು ಹೋದ್ರು. ಇದನ್ನ ಹಾಕ್ಕಂಡಿದ್ದಾಗ್ಲೇ ಬಾವೀಲಿ ನೀರು ಬಂತು, ದೊಡ್ಡ ಮಗನಿಗೆ ಕೆಲಸ ಆಯ್ತು, ಒಂದು ಕುರಿ ಮಂದೆ ರೋಗ ಬಂದು ಸತ್ತೋಯ್ತು, ಅವಳಿ ಮೊಮ್ಮಕ್ಕಳು ಹುಟ್ಟಿದ್ರು. ಇದರಾಗೆ ಯಾವ್ದನ್ನ ಕಲ್ಲಿನ ತಲೆಗೆ ಕಟ್ಲಿ?"

"ಮತ್ತೆ ಮಾರಿದ್ದು ಯಾಕೆ?"

"ಗಿಣ್ಣು ಊದಿ ಬೆರಳು ನೀಲಿಗಟ್ತು. ಆಚಾರಿ ಬಂದು ಕತ್ತರ್ಸಿ ತೆಗೆದ. ಇಬ್ಬರು ಸೊಸೇರಿಗೂ ಕೊಡೋಕೆ ಹೋದೆ, ಇಬ್ಬರೂ ಹಿಂದಕ್ಕೆ ಸರಿದ್ರು. ಅದೇ ನಿನ್ ಭಯ. ಬೀರುವಿನ ಕತ್ಲಾಗೆ ಕೊಳೆಯೋದಕ್ಕಿಂತ ಹಾಕ್ಕಳ್ಳೋರತ್ರ ಹೋಗ್ಲಿ ಅಂತ ಕೊಟ್ಟೆ. ನೀನು ನೋಡಿದ್ರೆ ಬಟ್ಟೇಲಿ ಸುತ್ಕಂಡು ತಿರುಗ್ತಿದೀಯ."

"ನನಗೆ ಭಯ ಇಲ್ಲ" ಎಂದೆ, ಜೋರಾಗಿಯೇ.

"ಸರಿ ಬಿಡವ್ವ" ಎಂದರು. ಉಂಗುರವನ್ನು ಕಿರುಬೆರಳಿನ ತುದಿಗೆ ಏರಿಸಿಕೊಂಡು, ಸೀರೆಯಲ್ಲಿ ಒರೆಸಿ ವಾಪಸ್ ಕೊಟ್ಟರು. ಮಜ್ಜಿಗೆ ಕುಡಿಸಿ ಕಳಿಸಿದರು.

ನನಗೆ ಭಯವಂತೆ. ಹೊಳಲ್ಕೆರೆ ದಾಟುವವರೆಗೂ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ಸುಮ್ಮನೆ ತೆಗೆದು ಹಾಕಿಕೊಂಡೆ. ಹಿರಿಯೂರು ಬಂದಾಗಲೂ ತೆಗೆಯಲಿಲ್ಲ.

ಮಾರ್ಚ್ 20, ಗುರುವಾರ

ಮೆಕ್ಯಾನಿಕ್ ತಿಪ್ಪೇಶ್ ಸ್ಕೂಟರ್ ರಿಪೇರಿ ಮಾಡಿ ತಂದುಕೊಟ್ಟ. "ಸೀಟಿನ ಕೆಳಗೆ ಡಿಕ್ಕಿ ಒಳಗೆ ಇದ್ದುವಕ್ಕ" ಎಂದು ಒಂದು ಪ್ಲಾಸ್ಟಿಕ್ ಕವರ್ ಕೊಟ್ಟ. ರೇನ್‌ಕೋಟು, ಹಳೆಯ ಕನ್ನಡಕ, ನಾಲ್ಕಾಗಿ ಮಡಿಚಿದ ಒಂದು ಕಾಗದ.

ನನ್ನ ಉಂಗುರದ ಬಿಲ್ಲು. ಹಿಂಭಾಗದಲ್ಲಿ ಹೆಡ್‌ಮಾಸ್ಟರ ದುಂಡು ಅಕ್ಷರ. ಸಂತೆಗೆ ಹೋಗುವಾಗಲೂ ಅವರು ಹೀಗೇ ಬರೆದುಕೊಳ್ಳುತ್ತಾರೆ.

೧. ವಾಪಸ್ ತೆಗೆದುಕೊಳ್ಳುತ್ತಾರೆಯೇ?
೨. ಎಷ್ಟು ದಿನದೊಳಗೆ?
೩. ಮಂಗಳಾಗೆ ಏನು ಹೇಳುವುದು?

ಅವತ್ತು ದುರ್ಗದ ಇಲಾಖೆಯ ಕಚೇರಿಯಲ್ಲಿ ಕೆಲಸವಿದೆ ಎಂದು ಹೊರಟಿದ್ದರು. ಫೆಬ್ರುವರಿ ಎಂಟು, ಎರಡನೇ ಶನಿವಾರ. ಸರ್ಕಾರಿ ಕಚೇರಿಗೆಲ್ಲ ರಜೆ. ಸರ್ಕಾರಿ ಕೆಲಸದಲ್ಲಿರುವ ನನಗೇ ಅದು ಹೊಳೆಯಲಿಲ್ಲ.

ನನ್ನ ಉಂಗುರ ಹಿಂತಿರುಗಿಸಬಹುದೇ ಎಂದು ಕೇಳಲು ಹೊರಟವರು ಬಿದ್ದರು. ಬಿದ್ದದ್ದು ಉಂಗುರದಿಂದ ಎಂದು ಅವರ ತಾಯಿ ನಲವತ್ತು ದಿನ ಅಂದಾಗ, ಗೋಡೆ ನೋಡುತ್ತಾ ಮಲಗಿದ್ದರು.

ಬಿಲ್ಲನ್ನು ಇದೇ ರಿಜಿಸ್ಟರಿನೊಳಗೆ ಇಟ್ಟಿದ್ದೇನೆ.

ಮಾರ್ಚ್ 21, ಶುಕ್ರವಾರ

ಮಾತಾಡಿಲ್ಲ. ಮಾತ್ರೆ ಕೊಟ್ಟೆ, ಬೆಡ್‌ಪ್ಯಾನ್ ಇಟ್ಟೆ, ಮೈ ಒರೆಸಿದೆ.

ಮಾರ್ಚ್ 23, ಭಾನುವಾರ

ಅತ್ತೆ ಜವನಗೊಂಡನಹಳ್ಳಿಯ ತಮ್ಮನ ಮನೆಗೆ ಹೋಗಿದ್ದರು. ಬಿಲ್ಲನ್ನು ಗಂಡನ ಎದೆಯ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತೆ.

ತುಂಬ ಹೊತ್ತು ನೋಡಿದರು. "ಸ್ಕೂಟರಿನ ಡಿಕ್ಕಿ ಒಳಗಿತ್ತಾ?" ಎಂದರು.

"ಶನಿ ಭಯನಾ ನಿಮಗೂ? ಅದನ್ನ ಹೇಳಿದ್ರೆ ನಾನು ನಗ್ತಿದ್ದೆ ಅಷ್ಟೇ."

"ಶನಿ ಅಲ್ಲ."

"ದುಡ್ಡಾ? ನನ್ನ ದುಡ್ಡು."

"ದುಡ್ಡೂ ಅಲ್ಲ ಮಂಗಳಾ." ಗೋಡೆ ಕಡೆ ತಿರುಗಲು ನೋಡಿದರು. ಭುಜ ಹಿಡಿದು ನಿಲ್ಲಿಸಿದೆ. ನೋವಾಗಿರಬೇಕು. ಆಗಲಿ.

"ತಂದ ಮಾರನೇ ದಿನ ಕಿಟಕಿ ಹತ್ರ ನಿಂತು ಅದನ್ನ ನೋಡ್ತಿದ್ದೆ ನೀನು. ನಾನು ಸ್ಕೂಲಿಂದ ಬಂದೆ. ಚಪ್ಪಲಿ ಬಿಟ್ಟೆ, ನೀರು ಕುಡಿದೆ, ಎರಡು ಸಲ ಕರೆದೆ. ನಿನಗೆ ಗೊತ್ತೇ ಆಗ್ಲಿಲ್ಲ. ನಿನ್ ಮುಖ ಅವತ್ತು... ಇಪ್ಪತ್ತಾರು ವರ್ಷದಾಗೆ ನೀನು ಯಾವ್ದನ್ನೂ ಹಂಗೆ ನೋಡಿದ್ದು ನಾನು ಕಂಡಿಲ್ಲ. ನನ್ನನ್ನಂತೂ ನೋಡಿಲ್ಲ. ಇವಳಿಗೆ ಇನ್ನೂ ಏನೇನು ಬೇಕಿತ್ತೋ, ನಾನು ಕೇಳೇ ಇಲ್ವಲ್ಲ ಅನ್ನಿಸ್ತು. ಅದಕ್ಕೆ ಹೆದ್ರಿಕೊಂಡೆ. ಅದು ಮನೇಲಿ ಇಲ್ದಿದ್ರೆ ಎಲ್ಲ ಮೊದಲಿನಂಗೆ ಇರ್ತೈತೆ ಅನ್ಕಂಡೆ."

ನನಗೆ ಅಳು ಬರಬೇಕಿತ್ತೋ ಏನೋ. ಬರಲಿಲ್ಲ.

"ಕೇಳೋದು ಬಿಟ್ಟು ಕಿತ್ಕಳ್ಳೋಕೆ ಹೋದ್ರಿ" ಎಂದೆ. "ಹೋಗ್ಲಿ. ಬಿದ್ರಿ. ಆಮೇಲೆ? ನಿಮ್ಮಮ್ಮ ನನ್ನನ್ನ ಮನೆಹಾಳಿ ಅಂದಾಗ? ಜೋಯಿಸರು ನನ್ ಜಾತಕ ಬಿಚ್ಚಿದಾಗ? ಮಗಳು ಫೋನ್ ಮಾಡಿದಾಗ? ನಾನೂ... ನಾನೂ ಸಹ..." ಅಲ್ಲಿಗೆ ಮಾತು ನಿಂತಿತು. ಏನು ಹೇಳಲು ಹೊರಟಿದ್ದೆನೋ ಈಗ ನೆನಪಿಲ್ಲ.

"ತಪ್ಪಾಯ್ತು" ಎಂದರು.

"ನನಗೆ ಹೇಳ್ಬೇಡ್ರಿ. ನಿಮ್ಮಮ್ಮನಿಗೆ ಹೇಳ್ರಿ. ನಾನು ಎದುರಿಗೆ ಇರ್ತೀನಿ."

ಮಾರ್ಚ್ 26, ಬುಧವಾರ

ಇನ್ನೂ ಹೇಳಿಲ್ಲ. ಅತ್ತೆ ಬಂದು ಎರಡು ದಿನವಾಯಿತು. ಇವರು ಹೇಳಲು ಬಾಯಿ ತೆರೆಯುತ್ತಾರೆ, ನೀರು ಕೇಳುತ್ತಾರೆ. ನೀರು ಕೊಟ್ಟು ಕೊಟ್ಟು ಸಾಕಾಗಿದೆ.

ಎಕ್ಸ್‌ರೇ ಬಂತು. ಮೂಳೆ ಕೂಡಲು ಶುರುವಾಗಿದೆಯಂತೆ. ಆಪರೇಷನ್ ಬೇಡ.

ಮಾರ್ಚ್ 29, ಶನಿವಾರ, ಅಮಾವಾಸ್ಯೆ

ನಾಳೆ ಯುಗಾದಿ. ಶನಿ ಇವತ್ತು ರಾಶಿ ಬದಲಿಸುತ್ತಾನೆಂದು ಟಿವಿಯಲ್ಲಿ ಬೆಳಿಗ್ಗೆಯಿಂದ ಅದೇ ಮಾತು. ಅತ್ತೆ ಟಿವಿ ಮುಂದೆ ಕೂತು ಕೈಮುಗಿಯುತ್ತಿದ್ದರು. ನಾನು ಕಡಲೆಬೇಳೆ ಆರಿಸುತ್ತಿದ್ದೆ. ಅಡುಗೆಗೆ ತೊಡಕಾದರೂ ಉಂಗುರ ಹಾಕಿಕೊಂಡೇ ಇದ್ದೆ.

"ಇವತ್ತೂ ಹಾಕ್ಕಂಡಿದಾಳೆ ನೋಡು" ಎಂದರು ಅತ್ತೆ.

"ಅಮ್ಮ, ಟಿವಿ ಆಫ್ ಮಾಡು" ಎಂದರು ಒಳಗಿನಿಂದ ನನ್ನ ಗಂಡ. ವಾಕರ್ ಹಿಡಿದು ತಾವೇ ಎದ್ದು ಬಾಗಿಲವರೆಗೆ ಬಂದಿದ್ದರು. ಅಲ್ಲೇ ನಿಂತು ಹೇಳಿದರು. ಎರಡನೇ ಶನಿವಾರ, ಬಿಲ್ಲು, ದುರ್ಗ, ಎಲ್ಲ. ಲಾರಿ ಹತ್ತಿರ ಬಂದದ್ದು ಕಾಣಲಿಲ್ಲ, ಹೆಂಡತಿಗೆ ಏನು ಸುಳ್ಳು ಹೇಳಲಿ ಅಂತ ಯೋಚನೆ ಮಾಡುತ್ತಿದ್ದೆ ಎಂದರು. ಇದು ನನಗೂ ಹೊಸದು.

ಅತ್ತೆ ಎದ್ದು ಟಿವಿ ಆರಿಸಿದರು.

"ಹಂಗಾದ್ರೆ ನಿನ್ನ ಬೀಳ್ಸಿದ್ದು ಕಲ್ಲಲ್ಲ. ನಿನ್ ಬುದ್ಧಿ" ಎಂದರು. "ನನ್ನ ಬಾಯಾಗೆ ಇಷ್ಟು ದಿನ ಅನ್ನಿಸ್ಕಂಡು ಸುಮ್ನಿದ್ಯಲ್ಲ, ನೀನು ಗಂಡಸಾ?"

ನನ್ನ ಪರವಾಗಿ ಅಂದದ್ದೋ, ತಾವು ಮೋಸಹೋದ ಸಿಟ್ಟಿಗೆ ಅಂದದ್ದೋ ಗೊತ್ತಿಲ್ಲ. ನನ್ನ ಹತ್ತಿರ ತಪ್ಪಾಯಿತು ಅನ್ನಲಿಲ್ಲ. ಅನ್ನುವವರೂ ಅಲ್ಲ. ಮೊರದ ಮುಂದೆ ಬಂದು ಕೂತು ಕೈ ಚಾಚಿದರು.

"ಎಲ್ಲಿ, ತಾ ಇಲ್ಲಿ."

ಕೊಡಲು ಮನಸ್ಸಿರಲಿಲ್ಲ. ಕೊಟ್ಟೆ. ಕನ್ನಡಕ ಏರಿಸಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದರು. ಇಷ್ಟು ದಿನ ಶಪಿಸಿದ ವಸ್ತುವನ್ನು ಅವರು ಒಮ್ಮೆಯೂ ನೋಡಿರಲಿಲ್ಲ ಎಂದು ಆಗ ಗೊತ್ತಾಯಿತು.

"ನೀಲ ಅಂದ್ರೆ ಕರ್ರಗಿರ್ತೈತೆ ಅನ್ಕಂಡಿದ್ದೆ" ಎಂದರು. ಇನ್ನೂ ಸ್ವಲ್ಪ ನೋಡಿ, "ಬೇಳೆ ಬೇಯ್ಸೋಕೆ ಹೊತ್ತಾಯ್ತು, ಎದ್ದೇಳು" ಎಂದು ವಾಪಸ್ ಕೊಟ್ಟರು.

ನನ್ನ ಗಂಡ ಇನ್ನೂ ಬಾಗಿಲಲ್ಲೇ ನಿಂತಿದ್ದರು, ಕಾಲು ನಡುಗುತ್ತಿತ್ತು. "ನಂಗೂ ಒಂದ್ಸಲ ತೋರ್ಸು" ಎಂದರು.

ತೋರಿಸಲಿಲ್ಲ. ಹಿಡಿದು ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದೆ, ಅಷ್ಟೇ. ಬಿದ್ದಂದಿನಿಂದ ನಲವತ್ತೊಂಬತ್ತು ದಿನ ಕೇಳದವರು ಇನ್ನೆರಡು ದಿನ ಕಾಯಲಿ. ಆಮೇಲೆ ತೋರಿಸುತ್ತೇನೆ. ಬೆಳಿಗ್ಗೆ ಹತ್ತು ಗಂಟೆಗೆ, ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ. ಆಗಲೇ ಅದು ಸರಿಯಾಗಿ ಕಾಣುವುದು.